ನಿಜವಾದ ಕಾರಣ ಬರೆದದ್ದಕ್ಕೇ ವಿಮೆ ತಪ್ಪಿತು: ರಿಪೇರಿ ಅಂಗಡಿಯಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು, ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ, ಹೈದರಾಬಾದ್
ಅಧ್ಯಕ್ಷರು, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಬೆಂಗಳೂರು

ಮಾನ್ಯರೇ,

ಮಲೆನಾಡಿನ ಒಂದು ಸಣ್ಣ ಪೇಟೆಯಲ್ಲಿ ನನ್ನದೊಂದು ರಿಪೇರಿ ಅಂಗಡಿ ಇದೆ. ಟಿ.ವಿ., ಫ್ರಿಜ್, ಮಿಕ್ಸಿ, ವಾಷಿಂಗ್ ಮೆಷಿನ್‌ಗಳ ಕೆಲಸವನ್ನು 26 ವರ್ಷಗಳಿಂದ ಮಾಡುತ್ತಿದ್ದೇನೆ. ನಿಮ್ಮಿಬ್ಬರ ಕಚೇರಿಯ ಮೆಟ್ಟಿಲನ್ನೂ ನಾನು ಹತ್ತಿದವನಲ್ಲ. ಆದರೆ ನೀವು ಮಾಡುವ ನಿಯಮಗಳು ಕಡೆಗೆ ಬಂದು ಮುಟ್ಟುವುದು ನನ್ನಂಥವರ ಮೇಜನ್ನು. ವಿಮೆಗೆ ಅರ್ಜಿ ಹಾಕುವವರು "ಇದು ಹೇಗೆ ಕೆಟ್ಟಿತು ಎಂದು ಬರೆದುಕೊಡಿ" ಎಂದು ಬರುವುದು ನನ್ನ ಬಳಿಗೆ. ಹಾಗೆ ನಾನು ಬರೆದುಕೊಟ್ಟ ಒಂದು ಸಾಲು ಒಂದು ಮನೆಯ ಪರಿಹಾರವನ್ನು ತಪ್ಪಿಸಿತು. ಆ ಸಾಲಿನಲ್ಲಿ ಸುಳ್ಳಿರಲಿಲ್ಲ. ಅದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಮೇ ತಿಂಗಳ ಕೊನೆಯ ವಾರ. ಸಂಜೆಯಿಂದಲೇ ಗುಡುಗು. ನಮ್ಮ ಕಡೆ ಗುಡುಗು ಶುರುವಾದರೆ ಹಿರಿಯರು ಅರ್ಜುನನ ಹತ್ತು ಹೆಸರು ಹೇಳುತ್ತಾರೆ, ಕಿರಿಯರು ಪ್ಲಗ್ ಕೀಳುತ್ತಾರೆ. ಗುಡುಗು ಹಿಂದೆ ಸರಿದು ಮಳೆ ಹಿಡಿದ ಮೇಲೆ ಎಲ್ಲರೂ ಪ್ಲಗ್‌ಗಳನ್ನು ಮತ್ತೆ ಹಾಕಿ ಟಿ.ವಿ. ಮುಂದೆ ಕುಳಿತಿದ್ದರು. ರಾತ್ರಿ ಒಂಬತ್ತೂವರೆಯ ಹೊತ್ತಿಗೆ ನಮ್ಮ ಮನೆಯ ಟ್ಯೂಬ್‌ಲೈಟು ಎಂದೂ ಇಲ್ಲದಷ್ಟು ಬೆಳ್ಳಗೆ ಉರಿಯತೊಡಗಿತು. ಫ್ಯಾನಿನ ಸದ್ದು ಬದಲಾಯಿತು. ಇಷ್ಟು ವರ್ಷ ಇದೇ ಕೆಲಸ ಮಾಡಿದವನಿಗೆ ಆ ಸದ್ದು ಗೊತ್ತು. ಮೀಟರ್ ತೆಗೆದು ಸಾಕೆಟ್‌ಗೆ ಹಿಡಿದೆ. 352 ವೋಲ್ಟ್. ನಮ್ಮ ಮನೆಗಳಿಗೆ ಬರಬೇಕಾದದ್ದು 230. ಮೇನ್ ಸ್ವಿಚ್ ಇಳಿಸಿ ಬೀದಿಗೆ ಓಡಿದೆ, "ಮೇನ್ ಆಫ್ ಮಾಡಿ, ಮೇನ್ ಆಫ್ ಮಾಡಿ" ಎಂದು ಕೂಗಿಕೊಂಡು. ಆಗಲೇ ಎರಡು ಮೂರು ಮನೆಗಳಿಂದ ಪಟ್ ಪಟ್ ಎನ್ನುವ ಸದ್ದು ಕೇಳಿಸಿತ್ತು.

ಬೀದಿಯ ತುದಿಯಲ್ಲಿ ಸಿಲ್ವರ್ ಓಕ್ ಮರದ ಕೊಂಬೆ ಮುರಿದು ಲೈನಿನ ಮೇಲೆ ಬಿದ್ದಿತ್ತು. ನ್ಯೂಟ್ರಲ್ ತಂತಿ ತುಂಡಾಗಿತ್ತು. ಮೂರು ಫೇಸ್ ತಂತಿಗಳು ಹಾಗೆಯೇ ಇದ್ದವು. ಇದರ ಅರ್ಥವೇನೆಂದು ಓದುವ ಎಲ್ಲರಿಗೂ ತಿಳಿಯಲೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟಿ.ಸಿ.ಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಬೀದಿಗೆ ಬರುವುದು ಮೂರು ಫೇಸ್, ಒಂದು ನ್ಯೂಟ್ರಲ್. ಒಂದು ಫೇಸಿಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್; ಒಂದು ಫೇಸಿಗೂ ಇನ್ನೊಂದು ಫೇಸಿಗೂ ನಡುವೆ 400. ಒಂದೊಂದು ಮನೆಗೆ ಒಂದೊಂದು ಫೇಸ್ ಹಂಚಿರುತ್ತಾರೆ. ನ್ಯೂಟ್ರಲ್ ಗಟ್ಟಿಯಾಗಿರುವ ತನಕ ಯಾರ ಪಾಲು ಅವರಿಗೆ. ಅದು ಕಡಿದ ಕ್ಷಣದಿಂದ ಈ ಮನೆಯ ಕರೆಂಟು ಆ ಮನೆಯ ಮೂಲಕ ಹಾದು ವಾಪಸಾಗಬೇಕು. 400 ವೋಲ್ಟ್ ಎರಡೂ ಮನೆಗಳ ನಡುವೆ ಹಂಚಿಹೋಗುತ್ತದೆ, ಅದೂ ಸಮಪಾಲಲ್ಲ. ಗೀಸರ್ ಹಾಕಿಕೊಂಡ ಮನೆಯಲ್ಲಿ ದೀಪ ಮಂಕಾಗುತ್ತದೆ. ಎರಡು ಬಲ್ಬು, ಒಂದು ಫ್ರಿಜ್ಜು ಇಟ್ಟುಕೊಂಡ ಮನೆಗೆ 350 ನುಗ್ಗುತ್ತದೆ. ಕಡಿಮೆ ಕರೆಂಟು ಬಳಸುವ ಮನೆಗೇ ಹೆಚ್ಚಿನ ಪೆಟ್ಟು. ಬಡವರ ಮನೆಯ ಸಾಮಾನು ಮೊದಲು ಸುಡುವುದು ಹೀಗೆ.

ಮಾರ್ಗದಾಳುಗಳ ಮೇಲೆ ನನಗೆ ದೂರಿಲ್ಲ. ಆ ಮಳೆಯಲ್ಲಿ ಇಬ್ಬರು ಹುಡುಗರು ಹನ್ನೊಂದು ಗಂಟೆಗೆ ಬಂದು ಕಂಬ ಹತ್ತಿ ತಂತಿ ಕಟ್ಟಿದರು. ಒಬ್ಬನ ಕೈಗವಸು ತೋಯ್ದು ಹೋಗಿತ್ತು. ಅವರಿಗೆ ಚಹಾ ಕೊಟ್ಟು ಕಳುಹಿಸಿದೆವು.

ಮರುದಿನ ಮಧ್ಯಾಹ್ನದೊಳಗೆ ನನ್ನ ಮೇಜಿನ ಮೇಲೆ ಏಳು ಮನೆಗಳ 14 ಉಪಕರಣಗಳಿದ್ದವು. ಬೋರ್ಡ್‌ಗಳನ್ನು ಬಿಚ್ಚಿದರೆ ಎಲ್ಲವೂ ಒಂದೇ ಕಥೆ ಹೇಳುತ್ತಿದ್ದವು. ಕರೆಂಟು ಒಳಗೆ ಬರುವ ಬಾಯಲ್ಲೇ ವ್ಯಾರಿಸ್ಟರ್ ಎಂಬ ನೀಲಿ ಬಿಲ್ಲೆಯೊಂದು ಇರುತ್ತದೆ. ವೋಲ್ಟೇಜ್ ಏರಿದಾಗ ಪೆಟ್ಟನ್ನು ತಾನು ತಿಂದು ಉಳಿದವನ್ನು ಕಾಯುವುದು ಅದರ ಕೆಲಸ. ಮಿಂಚಿನ ಒಂದು ಹೊಡೆತವನ್ನು ಅದು ತಾಳಿಕೊಳ್ಳಬಹುದು, ನಿಮಿಷಗಟ್ಟಲೆ ನಿಲ್ಲುವ 350 ವೋಲ್ಟನ್ನು ತಾಳದು. ಎಲ್ಲ ಬೋರ್ಡ್‌ಗಳಲ್ಲೂ ಅದು ಸೀಳಿಹೋಗಿತ್ತು, ಸುತ್ತ ಕಪ್ಪು ಮಸಿ. ಅದರ ಹಿಂದಿನ ದೊಡ್ಡ ಕೆಪಾಸಿಟರ್‌ಗಳ ತಲೆ ಉಬ್ಬಿ ಒಡೆದಿತ್ತು. ಅವುಗಳ ಮೈಮೇಲೆ 450 ವೋಲ್ಟ್ ಎಂದು ಅಚ್ಚಾಗಿದೆ. 230 ವೋಲ್ಟ್ ಬಂದಾಗ ಅವುಗಳ ಮೇಲೆ ನಿಲ್ಲುವುದು ಸುಮಾರು 325. 352 ಬಂದರೆ ಸುಮಾರು 498. ಒಡೆಯದೆ ಏನು ಮಾಡಿಯಾವು? ಹಳೆಯದಾಗಿ, ಒಳಗಿನಿಂದ ಸವೆದು ಕೆಟ್ಟ ಬೋರ್ಡು ಹೀಗೆ ಕಾಣುವುದಿಲ್ಲ. ಹೊರಗಿನಿಂದ ಬಂದ ಪೆಟ್ಟು ಯಾವುದು, ಒಳಗಿನ ದೋಷ ಯಾವುದು ಎಂದು ಕೆಲಸ ಬಲ್ಲ ಯಾವ ಮೆಕ್ಯಾನಿಕ್ ಬೇಕಾದರೂ ಐದು ನಿಮಿಷದಲ್ಲಿ ಹೇಳುತ್ತಾನೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಇದೇ ಮುಖ್ಯವಾಗುತ್ತದೆ.

ಆ 14ರಲ್ಲಿ ಮೂರು ಒಬ್ಬ ಅಂಗನವಾಡಿ ಸಹಾಯಕಿಯವು. ಫ್ರಿಜ್ಜು, 43 ಇಂಚಿನ ಟಿ.ವಿ., ಮಿಕ್ಸಿ. ಗಂಡ ಗೂಡ್ಸ್ ಆಟೊ ಓಡಿಸುತ್ತಾರೆ. ಫ್ರಿಜ್ಜು ಅವರಿಗೆ ಷೋಕಿಯ ವಸ್ತುವಲ್ಲ. ಅತ್ತೆಯ ಇನ್ಸುಲಿನ್ ಅದರಲ್ಲಿರುತ್ತಿತ್ತು. ಟಿ.ವಿ.ಯ ಪ್ಯಾನೆಲ್ಲೇ ಹೋಗಿದ್ದರಿಂದ ರಿಪೇರಿಗಿಂತ ಹೊಸದು ವಾಸಿ. ಎಲ್ಲ ಸೇರಿ ಲೆಕ್ಕ ಹಾಕಿದರೆ 38,700 ರೂಪಾಯಿ. ಆಗ ಅವರಿಗೆ ನೆನಪಾಯಿತು: ಮನೆ ಕಟ್ಟಲು ಸಾಲ ಕೊಟ್ಟ ಬ್ಯಾಂಕು ಒಂದು ವಿಮೆ ಮಾಡಿಸಿತ್ತು. ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇಟ್ಟಿದ್ದ ಪಾಲಿಸಿಯನ್ನು ತಂದು ತೋರಿಸಿದರು. ಭಾರತ್ ಗೃಹ ರಕ್ಷಾ. ಮನೆಗೆ 15 ಲಕ್ಷ, ಒಳಗಿನ ಸಾಮಾನಿಗೆ 3 ಲಕ್ಷ. ಅವರ ಮುಖ ಅರಳಿದ್ದನ್ನು ನಾನು ನೋಡಿದೆ.

ಕಂಪನಿಗೆ ತಿಳಿಸಿದರು. ಹಾನಿಯನ್ನು ಅಂದಾಜು ಮಾಡುವ ಸರ್ವೆಯರ್ ಬಂದು ಫೋಟೊ ತೆಗೆದುಕೊಂಡು ಹೋದರು, ಮೆಕ್ಯಾನಿಕ್‌ನಿಂದ ವರದಿ ತನ್ನಿ ಎಂದರು. ನನ್ನ ಅಂಗಡಿಯ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟೆ: "ವಿದ್ಯುತ್ ಮಾರ್ಗದಲ್ಲಿ ನ್ಯೂಟ್ರಲ್ ತುಂಡಾಗಿ ಅತಿಯಾದ ವೋಲ್ಟೇಜ್ ಬಂದಿದ್ದರಿಂದ ಈ ಉಪಕರಣಗಳು ಸುಟ್ಟಿವೆ." ದಿನಾಂಕ, ಸಮಯ, ನಾನು ಅಳೆದ ವೋಲ್ಟೇಜು ಎಲ್ಲವನ್ನೂ ಸೇರಿಸಿದೆ. ಇಷ್ಟು ಸರಿಯಾಗಿ ಬರೆದ ವರದಿ ಅವರ ಕೆಲಸಕ್ಕೆ ಬರುತ್ತದೆ ಎಂದು ನಂಬಿದ್ದೆ.

40 ದಿನಗಳ ಮೇಲೆ ಆ ಸಹಾಯಕಿ ಕಂಪನಿಯ ಒಂದು ಪತ್ರ ಹಿಡಿದು ಬಂದರು. ಇಂಗ್ಲಿಷಿನಲ್ಲಿತ್ತು, ಓದಿ ಹೇಳಿ ಎಂದರು. ಓದುತ್ತಾ ಹೋದಂತೆ ನನ್ನದೇ ಸಾಲು ಎದುರಿಗೆ ಬಂತು. ಮೆಕ್ಯಾನಿಕ್ ವರದಿಯ ಪ್ರಕಾರ ಹಾನಿಗೆ ಕಾರಣ ಅತಿಯಾದ ವೋಲ್ಟೇಜ್. ಇದು ಪಾಲಿಸಿಯ ಹೊರಗಿಡುವ ಷರತ್ತುಗಳಲ್ಲಿ ಬರುತ್ತದೆ. ಆದ್ದರಿಂದ ನಿಮ್ಮ ಕ್ಲೇಮನ್ನು ಒಪ್ಪಲಾಗುವುದಿಲ್ಲ. ಓದಿ ಮುಗಿಸಿದಾಗ ಅವರು ಕೇಳಿದ್ದು ಒಂದೇ ಮಾತು. "ಅಣ್ಣ, ನೀವು ಬರೆದದ್ದು ತಪ್ಪಾಗಿತ್ತೇ?"

ತಪ್ಪಾಗಿರಲಿಲ್ಲ ಎಂದೆ. ಮತ್ತೆ ಯಾಕೆ ಕೊಡುವುದಿಲ್ಲ ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ರಾತ್ರಿ ಪಾಲಿಸಿಯನ್ನು ಕೊನೆಯ ಪುಟದವರೆಗೆ ಓದಿದೆ. ಅರ್ಥವಾಗದಲ್ಲಿ ನಮ್ಮೂರಿನ ವಕೀಲರೊಬ್ಬರನ್ನು ಕೇಳಿದೆ. ವಿಮಾ ಪ್ರಾಧಿಕಾರದ ಅಧ್ಯಕ್ಷರೇ, ಈ ಪಾಲಿಸಿ ಯಾವುದೋ ಒಂದು ಕಂಪನಿ ತನಗೆ ತೋಚಿದಂತೆ ಬರೆದುಕೊಂಡದ್ದಲ್ಲ. 2021ರ ಏಪ್ರಿಲ್ 1ರಿಂದ ದೇಶದ ಎಲ್ಲ ಸಾಮಾನ್ಯ ಮನೆಗಳಿಗೂ ಒಂದೇ ಮಾದರಿಯ ವಿಮೆ ಇರಲಿ ಎಂದು ನಿಮ್ಮ ಪ್ರಾಧಿಕಾರವೇ ಜಾರಿಗೆ ತಂದದ್ದು. ಅದರಲ್ಲಿ ಒಳ್ಳೆಯದು ಬಹಳವಿದೆ, ಅದನ್ನು ಮೊದಲು ಹೇಳಬೇಕು. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಗುಡ್ಡ ಕುಸಿತ ಎಲ್ಲಕ್ಕೂ ರಕ್ಷಣೆ ಉಂಟು. ಮನೆಗೂ ಸಾಮಾನಿಗೂ ಪಾಲಿಸಿ ಪಡೆದರೆ ಮನೆಯ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಸಾಮಾನಿನ ಪಟ್ಟಿಯನ್ನೇ ಕೊಡದೆ ರಕ್ಷಣೆ ಸಿಗುತ್ತದೆ. ಮನೆಯ ಬೆಲೆಯನ್ನು ಕಡಿಮೆ ತೋರಿಸಿದ್ದೀರಿ ಎಂದು ಪರಿಹಾರದಲ್ಲಿ ಕಡಿತ ಮಾಡುವ ಹಳೆಯ ಪದ್ಧತಿಯನ್ನೂ ಇದರಲ್ಲಿ ಕೈಬಿಟ್ಟಿದ್ದೀರಿ. ಗುಡ್ಡ ಜರಿಯುವ ನಮ್ಮ ಊರುಗಳಲ್ಲಿ ಇದು ಸಣ್ಣ ಉಪಕಾರವಲ್ಲ.

ಆದರೆ ಹೊರಗಿಡುವ ಪಟ್ಟಿಯಲ್ಲಿ ಒಂದು ವಾಕ್ಯವಿದೆ. ಕನ್ನಡದಲ್ಲಿ ಹೇಳುವುದಾದರೆ ಹೀಗೆ: ವಿದ್ಯುತ್ ಅಥವಾ ಎಲೆಕ್ಟ್ರಾನಿಕ್ ಯಂತ್ರ, ಉಪಕರಣ, ಜೋಡಣೆಗಳಿಗೆ ಮಿತಿಮೀರಿದ ಓಟ, ಮಿತಿಮೀರಿದ ಒತ್ತಡ, ಶಾರ್ಟ್ ಸರ್ಕ್ಯೂಟ್, ಕಿಡಿ ಹಾರುವುದು, ತಾನೇ ಕಾದುಹೋಗುವುದು, ವಿದ್ಯುತ್ ಸೋರಿಕೆ ಇವುಗಳಿಂದ ಆದ ಹಾನಿಗೆ ಪರಿಹಾರವಿಲ್ಲ, ಕಾರಣ ಯಾವುದೇ ಇರಲಿ, ಸಿಡಿಲೂ ಸೇರಿ. ಒತ್ತಡ ಎಂದರೆ ಇಲ್ಲಿ ವೋಲ್ಟೇಜು. ನನಗೆ ಕೆಲಸ ಕಲಿಸಿದ ಮೇಷ್ಟ್ರು ಕೂಡ ವೋಲ್ಟೇಜಿಗೆ ಪ್ರೆಷರ್ ಎಂದೇ ಹೇಳುತ್ತಿದ್ದರು.

ಸಿಡಿಲೂ ಸೇರಿ ಎಂಬ ಆ ಮಾತಿನ ಮುಂದೆ ನಾನು ಬಹಳ ಹೊತ್ತು ಕುಳಿತೆ. ಮೊದಲ ಪುಟಗಳಲ್ಲಿ ಸಿಡಿಲಿಗೆ ರಕ್ಷಣೆ ಉಂಟು ಎಂದಿದೆ. ಹಿಂದಿನ ಪುಟದಲ್ಲಿ, ಸಿಡಿಲಿನ ಕರೆಂಟು ತಂತಿಯ ಮೂಲಕ ಬಂದು ಟಿ.ವಿ. ಸುಟ್ಟರೆ ಇಲ್ಲ ಎಂದಿದೆ. ಸಿಡಿಲಿನಿಂದ ಮನೆಯ ಗೋಡೆ ಬಿರುಕು ಬಿಟ್ಟರೆ ಹಣ ಬರುತ್ತದೆ. ಸುಟ್ಟ ಟಿ.ವಿ.ಯಿಂದ ಬೆಂಕಿ ಎದ್ದು ಪಕ್ಕದ ಪರದೆ, ಸೋಫಾ, ಕಪಾಟು ಸುಟ್ಟರೆ ಅವುಗಳಿಗೂ ಹಣ ಬರುತ್ತದೆ, ಏಕೆಂದರೆ ಷರತ್ತು ಕೆಟ್ಟ ಆ ಒಂದು ಯಂತ್ರಕ್ಕೆ ಮಾತ್ರ. ಟಿ.ವಿ.ಗೆ ಮಾತ್ರ ಇಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಕೊಟ್ಟ ಕೈಯೇ ಕಿತ್ತುಕೊಂಡಿದೆ.

ಇದರ ಇನ್ನೊಂದು ಫಲವನ್ನೂ ನೀವು ತಿಳಿಯಬೇಕು. ಕಂಪನಿಯ ಆ ಪತ್ರ ಬಂದ ಎರಡು ವಾರಗಳ ಬಳಿಕ ಬೇರೊಬ್ಬರು ಬಂದು, "ವೋಲ್ಟೇಜ್ ಎಂದು ಬರೆಯಬೇಡಿ, ಒಳಗೆ ಬೆಂಕಿ ಹತ್ತಿಕೊಂಡಿತು ಎಂದು ಬರೆದುಕೊಡಿ, ಬೇಕಾದರೆ ಟಿ.ವಿ.ಯ ಹಿಂಬದಿಯನ್ನು ಸ್ವಲ್ಪ ಸುಟ್ಟೇ ಕೊಡುತ್ತೇನೆ" ಎಂದರು. ಅವರು ಮೋಸಗಾರರಲ್ಲ. ಬಡ್ಡಿಗೆ ಹಣ ತಂದರೂ ದಿನ ತಪ್ಪದೆ ತೀರಿಸುವ ಮನುಷ್ಯ. ನಾನು ಬರೆದುಕೊಡಲಿಲ್ಲ, ಅವರು ಬೇಸರ ಮಾಡಿಕೊಂಡು ಹೋದರು, ಈಗಲೂ ಎದುರಾದರೆ ಮಾತನಾಡುವುದಿಲ್ಲ. ಪ್ರಾಮಾಣಿಕವಾಗಿ ಕಂತು ಕಟ್ಟಿದ ಜನ ಪರಿಹಾರಕ್ಕಾಗಿ ಸುಳ್ಳು ಹೇಳುವ ಸ್ಥಿತಿಗೆ ಬಂದಿದ್ದಾರೆ ಎಂದರೆ ಆ ವಾಕ್ಯವನ್ನು ಮತ್ತೊಮ್ಮೆ ನೋಡುವ ಕಾಲ ಬಂದಿದೆ ಎಂದೇ ನನ್ನ ಭಾವನೆ.

ಆ ಷರತ್ತು ಏಕೆ ಹುಟ್ಟಿತು ಎಂಬುದು ನನಗೆ ಅರ್ಥವಾಗದೆ ಇಲ್ಲ. ಬೆಂಕಿ ವಿಮೆಯ ಹಳೆಯ ಪಾಲಿಸಿಗಳಿಂದ ಬಂದದ್ದು ಅದು. ಕಾರ್ಖಾನೆಯ ಮೋಟರು ಹೆಚ್ಚು ಓಡಿಸಿ ಸುಟ್ಟುಕೊಂಡರೆ ಅದು ಮಾಲೀಕನ ನಿರ್ವಹಣೆಯ ದೋಷ, ವಿಮೆಯ ಹೊಣೆಯಲ್ಲ. ನ್ಯಾಯವಾದ ಮಾತು. ಹಳೆಯ ಫ್ರಿಜ್ಜಿನ ಕಂಪ್ರೆಸರ್ ತಾನೇ ಸವೆದು ನಿಂತರೆ ಪರಿಹಾರ ಕೇಳುವುದು ಸರಿಯಲ್ಲ ಎಂದು ನಾನೂ ಗಿರಾಕಿಗಳಿಗೆ ಹೇಳುತ್ತೇನೆ. ಆದರೆ ಆ ಕಾಲದ ಮನೆಯಲ್ಲಿ ಇದ್ದದ್ದು ನಾಲ್ಕು ಬಲ್ಬು, ಒಂದು ಇಸ್ತ್ರಿ ಪೆಟ್ಟಿಗೆ, ಒಂದು ರೇಡಿಯೊ. ಇಂದು ಫ್ಯಾನಿಗೂ ಬೋರ್ಡು, ಬಲ್ಬಿಗೂ ಬೋರ್ಡು. ಮನೆಯ ಸಾಮಾನು ಎಂದು ನೀವು ರಕ್ಷಣೆ ಕೊಟ್ಟಿರುವ ಮೊತ್ತದಲ್ಲಿ ಪಾತ್ರೆ ಬಟ್ಟೆ ಬಿಟ್ಟರೆ ಬೆಲೆ ಬಾಳುವುದೆಲ್ಲ ಪ್ಲಗ್ಗಿಗೆ ಸಿಕ್ಕಿಸುವಂಥದ್ದೇ. ಅವು ನೆರೆಯಲ್ಲಿ ಹೋಗುವುದು ನೂರಕ್ಕೊಂದು ಮನೆಯಲ್ಲಾದರೆ ವೋಲ್ಟೇಜಿಗೆ ಹೋಗುವುದು ನಮ್ಮ ಬೀದಿಯ ಪ್ರತಿಯೊಂದು ಮನೆಯಲ್ಲೂ. ಕಂಬದ ಮೇಲೆ ಮರ ಬಿದ್ದು ನುಗ್ಗಿದ 352 ವೋಲ್ಟು ಒಳಗಿನ ದೋಷವಲ್ಲ. ಅದು ಬಿರುಗಾಳಿಯಷ್ಟೇ ಹೊರಗಿನದು, ನೆರೆಯಷ್ಟೇ ಮನೆಯವರ ಕೈ ಮೀರಿದ್ದು.

"ಹೆಚ್ಚುವರಿ ರಕ್ಷಣೆ ಕೊಳ್ಳಬಹುದಿತ್ತಲ್ಲ" ಎಂದು ಕಂಪನಿಯ ಪ್ರತಿನಿಧಿ ಫೋನಿನಲ್ಲಿ ಹೇಳಿದರು. ನಿಜ, ಉಪಕರಣಗಳ ಬ್ರೇಕ್‌ಡೌನ್‌ಗೆ ಪ್ರತ್ಯೇಕವಾಗಿ ಹಣ ಕಟ್ಟಿ ಸೇರಿಸಿಕೊಳ್ಳುವ ರಕ್ಷಣೆಗಳು ಇವೆ. ಆದರೆ ಸಾಲದ ಕಾಗದಗಳ ಕಟ್ಟಿನ ನಡುವೆ ಸಹಿ ಹಾಕಿಸಿಕೊಂಡಾಗ ಆ ಹೆಣ್ಣುಮಗಳಿಗೆ ಅದನ್ನು ಹೇಳಿದವರು ಯಾರು? ತನಗೊಂದು ವಿಮೆ ಇದೆ ಎಂಬುದೇ ಅವರಿಗೆ ಅರ್ಧ ಮರೆತುಹೋಗಿತ್ತು. ಮಾರುವಾಗ "ಬೆಂಕಿ, ಸಿಡಿಲು ಎಲ್ಲಕ್ಕೂ ಇದೆ" ಎಂದವರು "ಫ್ರಿಜ್ಜು ಟಿ.ವಿ. ಕರೆಂಟಿಗೆ ಸುಟ್ಟರೆ ಇಲ್ಲ" ಎಂಬ ಒಂದು ಮಾತನ್ನು ಕನ್ನಡದಲ್ಲಿ ಹೇಳಿದ್ದರೆ ಅವರೂ ಕೇಳುತ್ತಿದ್ದರೇನೋ.

ಇನ್ನು ವಿದ್ಯುತ್ ಆಯೋಗದ ಅಧ್ಯಕ್ಷರೇ, ನಿಮ್ಮ ಕಡೆಗೆ ಬರುತ್ತೇನೆ.

ವಿಮೆಯವರು ಕೈಬಿಟ್ಟ ಮೇಲೆ ನಾವು ವಿದ್ಯುತ್ ಕಂಪನಿಯ ಶಾಖಾ ಕಚೇರಿಗೆ ಹೋದೆವು. ಕೇಳಿದ್ದು ಹಣವಲ್ಲ. "ಇಂಥ ದಿನ ಇಷ್ಟು ಗಂಟೆಗೆ ಈ ಬೀದಿಯಲ್ಲಿ ನ್ಯೂಟ್ರಲ್ ತುಂಡಾಗಿತ್ತು, ಇಷ್ಟು ಗಂಟೆಗೆ ಸರಿಪಡಿಸಲಾಯಿತು" ಎಂದು ಎರಡು ಸಾಲು ಬರೆದುಕೊಡಿ ಎಂದು. ರಾತ್ರಿ ಬಂದು ತಂತಿ ಕಟ್ಟಿದವರು ಅಲ್ಲೇ ಇದ್ದರು. ಲಾಗ್ ಪುಸ್ತಕವೂ ಅಲ್ಲೇ ಮೇಜಿನ ಮೇಲಿತ್ತು. ಆದರೂ ಹಾಗೆ ಬರೆದುಕೊಡುವ ಪದ್ಧತಿ ಇಲ್ಲ ಎಂದರು. ನಿಮ್ಮ ಮನೆಯ ವೈರಿಂಗ್, ಅರ್ಥಿಂಗ್ ನೋಡಿಸಿಕೊಳ್ಳಿ ಎಂದರು. ವಿಮೆ ಇದ್ದರೆ ಅಲ್ಲಿ ಕೇಳಿ ಎಂದರು. ವಿಮೆಯವರ ಪತ್ರ ನಮ್ಮ ಕೈಯಲ್ಲೇ ಇತ್ತು. ಏಳು ಮನೆಗಳಲ್ಲಿ ಒಂದೇ ಗಳಿಗೆಯಲ್ಲಿ ವೈರಿಂಗ್ ಕೆಡುವುದುಂಟೇ? ಇದನ್ನು ಕೇಳಿದರೆ ಆ ಅಧಿಕಾರಿ ತಲೆ ತಗ್ಗಿಸಿದರು. ಬರೆದುಕೊಟ್ಟರೆ ನಾಳೆ ತನ್ನ ತಲೆಗೆ ಬರುತ್ತದೆ ಎಂಬ ಭಯ ಅವರ ಮುಖದಲ್ಲಿತ್ತು.

ಕಾನೂನು ಇಲ್ಲ ಎಂದು ನಾನು ಹೇಳುತ್ತಿಲ್ಲ. 2003ರ ವಿದ್ಯುತ್ ಕಾಯ್ದೆಯ 57ನೇ ಕಲಮು ಸೇವೆಯ ಮಟ್ಟವನ್ನು ಗೊತ್ತು ಮಾಡುವ, ತಪ್ಪಿದರೆ ಪರಿಹಾರ ಕೊಡಿಸುವ ಅಧಿಕಾರವನ್ನು ನಿಮ್ಮ ಆಯೋಗಕ್ಕೆ ಕೊಟ್ಟಿದೆ. 42ನೇ ಕಲಮಿನಲ್ಲಿ ಗ್ರಾಹಕರ ಕುಂದುಕೊರತೆ ವೇದಿಕೆಯೂ ಅದರ ಮೇಲೆ ದೂರು ತೀರ್ಮಾನಿಸುವ ಅಧಿಕಾರಿಯಾದ ಒಂಬುಡ್ಸ್‌ಮನ್ನರೂ ಇದ್ದಾರೆ. ಕೇಂದ್ರ ಸರ್ಕಾರ 2020ರ ಡಿಸೆಂಬರ್‌ನಲ್ಲಿ ಹೊರಡಿಸಿದ ಗ್ರಾಹಕರ ಹಕ್ಕುಗಳ ನಿಯಮಗಳಲ್ಲಿ ವೋಲ್ಟೇಜ್ ದೂರನ್ನು ಕಾಲಮಿತಿಯಲ್ಲಿ ಸರಿಪಡಿಸದಿದ್ದರೆ ಪರಿಹಾರ ಉಂಟು ಎಂದಿದೆ. ಆದರೆ ದೂರು ಸರಿಪಡಿಸಲು ತಡವಾದದ್ದಕ್ಕೆ ಕೊಡುವ ಹಣ ಬೇರೆ, ಸುಟ್ಟ ಫ್ರಿಜ್ಜಿನ ಬೆಲೆ ಬೇರೆ. ನಮ್ಮ ಬೀದಿಯಲ್ಲಿ ಒಂದೂವರೆ ಗಂಟೆಯಲ್ಲೇ ತಂತಿ ಕಟ್ಟಿದರು; ಸುಡಲು ಒಂದೂವರೆ ನಿಮಿಷವೂ ಬೇಕಾಗಿರಲಿಲ್ಲ.

ಗ್ರಾಹಕರ ಆಯೋಗಕ್ಕೆ ಹೋಗಬಹುದು ಎಂದು ವಕೀಲರು ಹೇಳಿದರು. ಅದೂ ಸರಿ. ಎರಡು ವರ್ಷದೊಳಗೆ ಹೋಗಬೇಕು, ಸೇವೆಗೆ ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಆದರೆ ತಪ್ಪು ವಿದ್ಯುತ್ ಕಂಪನಿಯದು ಎಂದು ತೋರಿಸಬೇಕಾದದ್ದು ನಾವು, ಅದನ್ನು ತೋರಿಸುವ ಕಾಗದ ಇರುವುದು ಅವರ ಬಳಿ. ದಿನದ ಗೌರವಧನ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಎಷ್ಟು ಸಲ ಬಸ್ ಹತ್ತಬೇಕು ಎಂದು ಆ ಸಹಾಯಕಿ ಲೆಕ್ಕ ಹಾಕಿ ಸುಮ್ಮನಾದರು.

ನಾನು ನಿಮ್ಮಿಬ್ಬರಿಗೂ ಒಂದೇ ಪತ್ರದಲ್ಲಿ ಬರೆಯುತ್ತಿರುವುದು ಇದಕ್ಕಾಗಿ. ನಿಮ್ಮಲ್ಲಿ ಒಬ್ಬರು ಬದಲಾದರೆ ಅರ್ಧ ಕೆಲಸ, ಇಬ್ಬರೂ ಬದಲಾದರೆ ಇಡೀ ಗಂಟು ಬಿಚ್ಚುತ್ತದೆ.

ವಿಮಾ ಪ್ರಾಧಿಕಾರ ಆ ಹೊರಗಿಡುವ ವಾಕ್ಯದಿಂದ "ಕಾರಣ ಯಾವುದೇ ಇರಲಿ, ಸಿಡಿಲೂ ಸೇರಿ" ಎಂಬುದನ್ನು ತೆಗೆದು, ಹೊರಗಿನ ವಿದ್ಯುತ್ ಮಾರ್ಗದಿಂದ ಅಥವಾ ಸಿಡಿಲಿನಿಂದ ಬಂದ ವೋಲ್ಟೇಜಿಗೆ ಸುಟ್ಟ ಉಪಕರಣಗಳನ್ನು ಮೂಲ ಪಾಲಿಸಿಯಲ್ಲೇ ಸೇರಿಸಲಿ. ಮಿತಿ ಇರಲಿ. 50 ಸಾವಿರ ಎಂದು ಇಟ್ಟರೂ ನಮ್ಮಂಥ ಮನೆಗಳಿಗೆ ಸಾಕು. ವಸ್ತು ಎಷ್ಟು ಹಳೆಯದೋ ಅದಕ್ಕೆ ತಕ್ಕಂತೆ ಕಡಿತವಾಗಲಿ. ಪ್ರತಿ ಸಲ ಕರೆಂಟು ಹೋದಾಗಲೂ ಜನ ಗುಜರಿ ಫ್ರಿಜ್ಜು ಹೊತ್ತು ತಂದಾರು ಎಂಬ ಕಂಪನಿಗಳ ಅಂಜಿಕೆ ನನಗೆ ಗೊತ್ತಿದೆ. ಅದಕ್ಕೇ ಮೊದಲು ಹೇಳಿದೆ, ಹೊರಗಿನ ಪೆಟ್ಟು ಬೋರ್ಡಿನ ಮೇಲೆ ಗುರುತು ಬಿಟ್ಟೇ ಹೋಗುತ್ತದೆ. ಮೆಕ್ಯಾನಿಕ್‌ನ ವರದಿಯ ಜೊತೆಗೆ ವಿದ್ಯುತ್ ಕಂಪನಿಯ ಪ್ರಮಾಣಪತ್ರವೂ ಇರಬೇಕು ಎಂದು ಷರತ್ತು ಹಾಕಿ. ಒಂದು ಬೀದಿಯ ಏಳು ಮನೆಗಳ ಏಳು ಬೋರ್ಡ್‌ಗಳು ಒಟ್ಟಿಗೆ ಸುಳ್ಳು ಹೇಳಲಾರವು.

ವಿದ್ಯುತ್ ಆಯೋಗ ಆ ಪ್ರಮಾಣಪತ್ರವನ್ನು ಕಡ್ಡಾಯ ಮಾಡಲಿ. ಗ್ರಾಹಕ ತನ್ನ ವಿದ್ಯುತ್ ಸಂಪರ್ಕದ ಆರ್.ಆರ್. ನಂಬರ್ ಕೊಟ್ಟು ಕೇಳಿದ ಏಳು ದಿನಗಳಲ್ಲಿ, ಆ ದಿನ ಆ ಮಾರ್ಗದಲ್ಲಿ ಏನಾಯಿತು ಎಂಬ ವಿವರವನ್ನು ಶಾಖಾ ಕಚೇರಿ ಕನ್ನಡದಲ್ಲಿ ಬರೆದು ಸಹಿ ಹಾಕಿ ಕೊಡಬೇಕು. ಬರೆದುಕೊಟ್ಟ ಅಧಿಕಾರಿಗೆ ಅದರಿಂದ ತೊಂದರೆ ಬಾರದಂತೆಯೂ ನೋಡಿಕೊಳ್ಳಿ, ಇಲ್ಲದಿದ್ದರೆ ಯಾರೂ ಪೆನ್ನು ಎತ್ತುವುದಿಲ್ಲ. ರಾಜ್ಯದಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಬರುತ್ತಿವೆ. ವೋಲ್ಟೇಜು ಮಿತಿ ಮೀರಿದ ದಿನ, ಹೊತ್ತು ಎರಡನ್ನೂ ದಾಖಲಿಸಿಕೊಳ್ಳುವ ಶಕ್ತಿ ಆ ಮೀಟರುಗಳಿಗಿದೆ. ಆ ದಾಖಲೆ ಬಿಲ್ಲು ಮಾಡುವುದಕ್ಕೆ ಮಾತ್ರ ಅಲ್ಲ, ಗ್ರಾಹಕನ ಕೈಗೂ ಸಿಗಲಿ. ಸುಟ್ಟ ಉಪಕರಣಕ್ಕೆ ಯಾವ ಸಂದರ್ಭದಲ್ಲಿ, ಎಷ್ಟು, ಎಷ್ಟು ದಿನದೊಳಗೆ ಕೊಡಬೇಕು ಎಂಬುದನ್ನು ಯಾರು ಓದಿದರೂ ತಿಳಿಯುವ ಹಾಗೆ ಒಂದೇ ಕಡೆ ಬರೆದು, ಪ್ರತಿ ಶಾಖಾ ಕಚೇರಿಯ ಗೋಡೆಗೆ ಅಂಟಿಸಿ.

ಹೀಗೆ ಮಾಡಿದರೆ ಇನ್ನೂ ಒಂದು ಒಳ್ಳೆಯದಿದೆ. ವಿಮೆಯಲ್ಲಿ ಒಂದು ತತ್ವವಿದೆಯಂತೆ: ಬೇರೆಯವರ ತಪ್ಪಿನಿಂದಾದ ನಷ್ಟವನ್ನು ಕಂಪನಿ ತುಂಬಿಕೊಟ್ಟರೆ, ಆ ಹಣವನ್ನು ತಪ್ಪು ಮಾಡಿದವರಿಂದ ವಸೂಲಿ ಮಾಡುವ ಹಕ್ಕು ಕಂಪನಿಗೆ ಬರುತ್ತದೆ. ವಕೀಲರು ಇದನ್ನು ಹೇಳಿದಾಗ ನನಗೆ ಇಡೀ ವಿಷಯ ಬೆಳಕಾಯಿತು. ಇಂದು ವಿದ್ಯುತ್ ಕಂಪನಿಯ ಎದುರು ನಿಂತು ಹೋರಾಡಬೇಕಾದದ್ದು ಒಬ್ಬ ಅಂಗನವಾಡಿ ಸಹಾಯಕಿ, 38,700 ರೂಪಾಯಿಗಾಗಿ. ಆಕೆಗೆ ವಿಮಾ ಕಂಪನಿ ಕೊಟ್ಟುಬಿಟ್ಟರೆ, ಹೋರಾಡುವುದು ವಕೀಲರ ದಂಡನ್ನೇ ಇಟ್ಟುಕೊಂಡ ವಿಮಾ ಕಂಪನಿ, ನೂರಾರು ಮನೆಗಳ ಲೆಕ್ಕ ಒಟ್ಟು ಹಿಡಿದು. ಬಲ ಬಲದೊಡನೆ ಮಾತನಾಡಲಿ. ಆಗ ನ್ಯೂಟ್ರಲ್ ತಂತಿಯ ಜೋಡಣೆಗಳನ್ನು ಮಳೆಗಾಲಕ್ಕೆ ಮೊದಲು ಬಿಗಿಮಾಡುವುದು, ಲೈನಿನ ಮೇಲೆ ಚಾಚಿದ ಕೊಂಬೆ ಕಡಿಯುವುದು, ಟಿ.ಸಿ.ಯ ಅರ್ಥಿಂಗ್ ನೋಡುವುದು ವಿದ್ಯುತ್ ಕಂಪನಿಗೆ ಅಗ್ಗವೆನಿಸುತ್ತದೆ. ಮಾರ್ಗದಾಳುಗಳ ಸಂಖ್ಯೆಯನ್ನೂ ಹೆಚ್ಚಿಸಿಯಾರು.

ಇದನ್ನು ಓದುವ ಊರಿನವರಿಗೂ ಎರಡು ಮಾತು ಹೇಳಬೇಕು, ನಿಯಮ ಬದಲಾಗುವ ತನಕ ಬದುಕಬೇಕಲ್ಲ. ತಾನಾಗಿ ಬೀಳುವ ಸ್ವಿಚ್ಚು, ಅಂದರೆ ಎಂ.ಸಿ.ಬಿ. ಇದೆ, ನಮಗೇನೂ ಆಗುವುದಿಲ್ಲ ಎಂದುಕೊಳ್ಳಬೇಡಿ. ಅದು ಹೆಚ್ಚು ಕರೆಂಟು ಹರಿದರೆ ಬೀಳುತ್ತದೆ, ಹೆಚ್ಚು ವೋಲ್ಟೇಜು ಬಂದರೆ ತನ್ನಷ್ಟಕ್ಕೆ ಬೀಳುವುದಿಲ್ಲ. ಮಿತಿ ಮೀರಿದಾಗ ಸಂಪರ್ಕ ಕಡಿಯುವ ವೋಲ್ಟೇಜ್ ಪ್ರೊಟೆಕ್ಟರನ್ನು ಮೀಟರ್ ಬೋರ್ಡಿನ ಬಳಿ ಹಾಕಿಸಿ. ಹಾಗಿದ್ದೂ ಸುಟ್ಟರೆ ಅದೇ ರಾತ್ರಿ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಎಷ್ಟು ಮನೆಗಳಿಂದ ಕರೆ ಹೋದರೆ ಅಷ್ಟು ಗಟ್ಟಿ ಸಾಕ್ಷಿ. ಮರುದಿನ ಎಲ್ಲ ಮನೆಯವರೂ ಸೇರಿ ಶಾಖಾ ಕಚೇರಿಗೆ ಲಿಖಿತ ದೂರು ಕೊಟ್ಟು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಬರೆದುಕೊಡದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಆ ದಿನದ ಲಾಗ್ ಪುಸ್ತಕದ ಪುಟವನ್ನೇ ಕೇಳಿ. ವಿಮೆ ಇದ್ದರೆ ಸರ್ವೆಯರ್ ನೋಡುವ ತನಕ ರಿಪೇರಿ ಮಾಡಿಸಬೇಡಿ, ಸುಟ್ಟ ಬೋರ್ಡನ್ನು ಗುಜರಿಗೆ ಹಾಕಲೇಬೇಡಿ. ಹೆಚ್ಚುವರಿ ರಕ್ಷಣೆ ಇದೆಯೇ ಎಂದು ಪಾಲಿಸಿಯನ್ನು ಇಂದೇ ತೆಗೆದು ನೋಡಿ. ಅದು ಇದ್ದೂ ಕಂಪನಿ ನಿರಾಕರಿಸಿದರೆ ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಅವರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವೂ ಬೇಡ, ವಕೀಲರೂ ಬೇಡ. ಮೂಲ ಪಾಲಿಸಿ ಮಾತ್ರ ಇದ್ದವರಿಗೆ ಅಲ್ಲಿಯೂ ಆ ವಾಕ್ಯವೇ ಅಡ್ಡ ನಿಲ್ಲುತ್ತದೆ. ಅದನ್ನು ತೆಗೆಯಬೇಕಾದವರಿಗೇ ನಾನು ಈ ಪತ್ರ ಬರೆದಿರುವುದು.

ಆ ಸಹಾಯಕಿಯ ಫ್ರಿಜ್ಜಿಗೆ ಹಳೆಯ ಬೋರ್ಡೊಂದನ್ನು ಹೊಂದಿಸಿ ಓಡುವಂತೆ ಮಾಡಿದ್ದೇನೆ, ಇನ್ಸುಲಿನ್‌ಗೆ ತೊಂದರೆಯಿಲ್ಲ. ಟಿ.ವಿ. ಇರುವ ಜಾಗ ಖಾಲಿ ಇದೆ. ಸುಟ್ಟ ಮೂರೂ ಬೋರ್ಡ್‌ಗಳನ್ನು ಅವರ ಆರ್.ಆರ್. ನಂಬರ್ ಬರೆದ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ, ನನ್ನ ವರದಿಯ ಪ್ರತಿಯನ್ನೂ ಕಂಪನಿಯ ಪತ್ರವನ್ನೂ ಮೇಲಿಟ್ಟು ಅಂಗಡಿಯ ಅಟ್ಟದ ಮೇಲೆ ಇರಿಸಿದ್ದೇನೆ. ನಿಮ್ಮ ಎರಡು ಕಚೇರಿಗಳಲ್ಲಿ ಯಾವ ಕಡೆಯಿಂದ ಯಾರು ಬಂದರೂ ಇಳಿಸಿ ತೋರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮಲೆನಾಡಿನ ಒಬ್ಬ ಟಿ.ವಿ., ಫ್ರಿಜ್ ಮೆಕ್ಯಾನಿಕ್